ತೂಕಕ್ಕೆ ಹೋಗುವ ಮುನ್ನ

ಶ್ರೀನಗರದಲ್ಲಿ ಹಳೆಯ ಮನೆಯೊಂದನ್ನು ಕೆಡವಲಿದ್ದಾರೆ ಎಂಬ ಸುದ್ದಿ ಬೀದಿಗೆ ಗೊತ್ತಾಗುವುದು ಬಾಯಿಮಾತಿನಿಂದಲ್ಲ, ಗಾಡಿಗಳಿಂದ. ಮೊದಲು ಹಳೆ ಪೇಪರಿನವರ ಸೈಕಲ್ಲು ಬಂದು, ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿದ್ದ ವಾರಪತ್ರಿಕೆಗಳನ್ನು ಹೊತ್ತೊಯ್ಯುತ್ತದೆ. ಎರಡು ದಿನ ಬಿಟ್ಟು ಬಾಗಿಲು, ಕಿಟಕಿ, ಸರಳುಗಳನ್ನು ಕೊಳ್ಳುವವರ ಟೆಂಪೋ ಬರುತ್ತದೆ. ಎಲ್ಲಕ್ಕೂ ಕೊನೆಗೆ ಗುಜರಿಯವರ ತಳ್ಳುಗಾಡಿ. ಅದರ ಮೂಲೆಯಲ್ಲೊಂದು ತಕ್ಕಡಿ. ಮನೆಯಲ್ಲಿ ಯಾರಿಗೂ ಬೇಡವಾದದ್ದೆಲ್ಲ ಈ ಮೂರನೆಯ ಗಾಡಿಗೆ ಏರುತ್ತದೆ. ತುಕ್ಕು ಹಿಡಿದ ಬಕೆಟ್ಟು, ಮುರಿದ ಮಂಚದ ಕಾಲು, ಸೀಮೆಎಣ್ಣೆ ಸ್ಟೌವು. ಅವುಗಳ ನಡುವೆ ಎಷ್ಟೋ ಮನೆಗಳಲ್ಲಿ ಒಂದು ಭಾರವಾದ ತಗಡಿನ ಪೆಟ್ಟಿಗೆಯೂ ಇರುತ್ತದೆ. ಮುಚ್ಚಳ ತೆಗೆದರೆ ಉಳಿ, ಸುತ್ತಿಗೆ, ಅರ, ಕೈಬೈರಿಗೆ, ಸ್ಪ್ಯಾನರು. ಆದರೆ ಮುಚ್ಚಳ ತೆಗೆಯುವ ಪುರುಸೊತ್ತು ಯಾರಿಗಿದೆ? ಪೆಟ್ಟಿಗೆಸಮೇತ ತಕ್ಕಡಿಗೆ ಇಡುತ್ತಾರೆ.

ಕೆಲವು ವರ್ಷಗಳಿಂದ ನಾನು ಈ ಮೂರನೆಯ ಗಾಡಿಯ ಹಿಂದೆ ಬಿದ್ದಿದ್ದೇನೆ. ‘ಮೇಷ್ಟ್ರಿಗೆ ಕಬ್ಬಿಣದ ಹುಚ್ಚು’ ಎಂದು ನಮ್ಮ ಬೀದಿಯಲ್ಲಿ ಹೆಸರೂ ಬಂದಿದೆ. ಹುಚ್ಚೇ ಇರಬಹುದು. ಆದರೆ ವಿಜ್ಞಾನ ಪಾಠ ಹೇಳುವವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಅಗ್ಗಕ್ಕೆ ಸಿಗುವುದಿಲ್ಲ.

ಊರಿನ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಶ್ರೀನಗರವೆಂದರೆ ಕಾಶ್ಮೀರದ್ದಲ್ಲ, ಬೆಂಗಳೂರು ದಕ್ಷಿಣದ್ದು. ಒಂದು ಕಡೆ ಹನುಮಂತನಗರದ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಬನಶಂಕರಿ ಮೊದಲನೆಯ ಹಂತ, ಇಳಿಜಾರು ಇಳಿದರೆ ಹೊಸಕೆರೆಹಳ್ಳಿ. ಜಯನಗರದ ಹಾಗೆ ಅಗಲ ರಸ್ತೆ, ದೊಡ್ಡ ಕಾಂಪೌಂಡುಗಳ ಊರಲ್ಲ ಇದು. 30-40ರ ನಿವೇಶನ, ಅದಕ್ಕಿಂತ ಚಿಕ್ಕವೇ ಹೆಚ್ಚು. ಸಂಬಳದ ಸಾಲ ಮಾಡಿ, ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ ಮನೆಗಳು. ಕಟ್ಟಿದವರಲ್ಲಿ ಗುಮಾಸ್ತರಿದ್ದರು, ಮೇಷ್ಟರಿದ್ದರು, ಬ್ಯಾಂಕಿನವರಿದ್ದರು. ಆದರೆ ಬೆಳಗಿನ ಜಾವ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದ ಫಿಟ್ಟರು, ಟರ್ನರು, ಮಿಲ್‌ರೈಟುಗಳೂ ಇದ್ದರು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, 1948ರ ಐಟಿಐ, 1951ರ ಮೈಕೊ, 1953ರ ಎಚ್‌ಎಂಟಿ, 1954ರ ಬಿಇಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್... ಬೆಂಗಳೂರನ್ನು ಇಂದು ಕಂಪ್ಯೂಟರಿನ ಊರೆನ್ನುತ್ತಾರೆ. ಅದಕ್ಕೆ ಮುಂಚೆ ಅದು ಅರ ಹಿಡಿದವರ ಊರು. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಕ್ಕಳು ಹಳೆಯ ಮನೆ ಕೆಡವಿ ಮೂರಂತಸ್ತು ಏರಿಸುತ್ತಾರೆ; ಅದು ತಪ್ಪೇನೂ ಅಲ್ಲ. ಕೆಡವುವ ವಾರದಲ್ಲಿ ಪೆಟ್ಟಿಗೆ ಹೊರಗೆ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೊಂದು ಕ್ರಮವಿದೆ. ಮನೆಯ ಯಜಮಾನ ತೀರಿಕೊಂಡರೆ ಅಥವಾ ವೃದ್ಧಾಶ್ರಮಕ್ಕೆ ಹೋದರೆ, ಒಂದು ವಾರಾಂತ್ಯ ಮನೆಯ ಬಾಗಿಲನ್ನೇ ತೆರೆದಿಡುತ್ತಾರೆ. ಚಮಚದಿಂದ ಹಿಡಿದು ಸೋಫಾದವರೆಗೆ ಪ್ರತಿಯೊಂದಕ್ಕೂ ಬೆಲೆಚೀಟಿ. ಅದನ್ನು ‘ಎಸ್ಟೇಟ್ ಸೇಲ್’ ಎನ್ನುತ್ತಾರೆ. ಹಳೆಯ ಹತ್ಯಾರುಗಳ ಮೋಹವುಳ್ಳವರು ಬೆಳಗಾಗುವುದಕ್ಕೆ ಮುಂಚೆ ಸರದಿಯಲ್ಲಿ ನಿಂತು, ಬಾಗಿಲು ತೆರೆದೊಡನೆ ನೇರ ನೆಲಮಾಳಿಗೆಗೋ ಗ್ಯಾರೇಜಿಗೋ ಓಡುತ್ತಾರೆ. ಅಲ್ಲಿ ಇಂಥವರದೇ ಸಂಘಗಳಿವೆ. ಒಂದು 1933ರಲ್ಲೇ ಹುಟ್ಟಿದ್ದು. ನಮ್ಮಲ್ಲಿ ಹಾಗೆ ಸತ್ತವರ ಮನೆಯ ಸಾಮಾನನ್ನು ಚೀಟಿ ಹಚ್ಚಿ ಹರಡಿದರೆ ನೆಂಟರು ಏನೆಂದಾರು? ಅದಕ್ಕೇ ನಮ್ಮ ಎಸ್ಟೇಟ್ ಸೇಲು ಗೇಟಿನ ಬಳಿ, ಹತ್ತು ನಿಮಿಷದಲ್ಲಿ, ತಲೆ ತಗ್ಗಿಸಿಕೊಂಡು ನಡೆದುಹೋಗುತ್ತದೆ.

ಹಾಗಾದರೆ ಯಾವ ಮನೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮಲ್ಲಿರುವ ಅನುಕೂಲ ಅಮೆರಿಕದವರಿಗಿಲ್ಲ. ನಮಗೆ ಆಯುಧಪೂಜೆ ಇದೆ. ವರ್ಷವೆಲ್ಲ ಕತ್ತಲಲ್ಲಿದ್ದ ಪೆಟ್ಟಿಗೆ ಮಹಾನವಮಿಯ ದಿನ ಹಜಾರಕ್ಕೆ ಬರುತ್ತದೆ. ಸುತ್ತಿಗೆ, ಇಕ್ಕುಳಗಳನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಸ್ಕೂಟರಿನ ಪಕ್ಕದಲ್ಲೇ ಸಾಲಾಗಿ ಜೋಡಿಸುತ್ತಾರೆ. ಕಡ್ಲೆಪುರಿ ಪ್ರಸಾದಕ್ಕೆ ಹೋದವರು ಕಣ್ಣು ಬಿಟ್ಟು ನೋಡಿದರೆ ಸಾಕು. ಇನ್ನೂ ಒಳ್ಳೆಯದೆಂದರೆ ಆ ದಿನ ಯಜಮಾನರು ಮಾತಿಗೆ ಸಿಗುತ್ತಾರೆ. ‘ಇದು ಯಾವುದು ತಾತ?’ ಎಂದು ಒಂದು ಮಗು ಕೇಳಿದರೆ ಮುಗಿಯಿತು, ಅರ್ಧ ಗಂಟೆ ಕಥೆ.

ಈ ಕಥೆಯನ್ನೇ ನಾನು ಪೆಟ್ಟಿಗೆಗಿಂತ ಹೆಚ್ಚು ಬೆಲೆಬಾಳುವ ವಸ್ತು ಎಂದು ತಿಳಿದಿದ್ದೇನೆ. ಉದಾಹರಣೆಗೆ, ಇಂಥ ಪೆಟ್ಟಿಗೆಗಳಲ್ಲಿ ಯಾವ ಕಂಪನಿಯ ಹೆಸರೂ ಇಲ್ಲದ ಒಂದು ಪುಟ್ಟ ಸುತ್ತಿಗೆಯೋ, ಚೌಕ ಮಟ್ಟವೋ, ಕ್ಯಾಲಿಪರೋ ಸಿಗುತ್ತದೆ. ಮೈಮೇಲೆ ಎರಡು ಇಂಗ್ಲಿಷ್ ಅಕ್ಷರ, ಒಂದು ನಂಬರು ಗುದ್ದಿರುತ್ತದೆ, ಅಷ್ಟೆ. ಅಂಗಡಿಯಲ್ಲಿ ಕೊಂಡದ್ದಲ್ಲ ಅದು. ಆ ಮನುಷ್ಯ ಹದಿನೆಂಟು ವರ್ಷದ ಹುಡುಗನಾಗಿದ್ದಾಗ ತರಬೇತಿಯಲ್ಲಿ ತಾನೇ ಮಾಡಿದ್ದು. ಫಿಟ್ಟರ್ ತರಬೇತಿಯ ಮೊದಲ ತಿಂಗಳುಗಳಲ್ಲಿ ಯಂತ್ರ ಮುಟ್ಟಲು ಬಿಡುವುದಿಲ್ಲ. ಕೈಗೊಂದು ಅರ ಕೊಟ್ಟು, ಕಬ್ಬಿಣದ ತುಂಡೊಂದನ್ನು ಆರೂ ಮುಖ ಚೌಕ ಬರುವಂತೆ ಉಜ್ಜು ಎನ್ನುತ್ತಾರೆ. ಬೊಬ್ಬೆ ಎದ್ದು ಒಡೆದು ಕೈ ಗಟ್ಟಿಯಾದ ಮೇಲೆ ಸುತ್ತಿಗೆ, ಆಮೇಲೆ ಕ್ಯಾಲಿಪರು. ಗುದ್ದಿದ ಅಕ್ಷರ ಅವನ ಹೆಸರಿನದು, ನಂಬರು ಟೋಕನ್ನಿನದು. ಹೇಳುವವರು ಇದ್ದರೆ ಅದೊಂದು ಆತ್ಮಕಥೆ. ಇಲ್ಲದಿದ್ದರೆ ಮುನ್ನೂರು ಗ್ರಾಂ ಕಬ್ಬಿಣ.

ಕೆಲವು ಹತ್ಯಾರುಗಳು ಮಾತ್ರ ಯಾರ ನೆರವಿಲ್ಲದೆ ತಾವೇ ಮಾತಾಡುತ್ತವೆ, ಓದಲು ಬರಬೇಕು. ಕಾಳಿದಾಸ ಬಡಾವಣೆಯ ಕಡೆಯ ಮನೆಯೊಂದರಿಂದ ಬಂದ ಉಳಿಯೊಂದು ನನ್ನಲ್ಲಿದೆ. ತುಕ್ಕು ಉಜ್ಜಿದಾಗ ‘ಶೆಫೀಲ್ಡ್’ ಎಂಬ ಊರಿನ ಹೆಸರು, ಅದರ ಕೆಳಗೆ ‘ಕಾಸ್ಟ್ ಸ್ಟೀಲ್’ ಎಂಬ ಎರಡು ಪದ ಕಂಡವು. ಎರಕದ ಕಬ್ಬಿಣ ಎಂದು ತಿಳಿಯಬೇಡಿ. ಎರಕದ ಕಬ್ಬಿಣದಿಂದ ಉಳಿ ಮಾಡಿದರೆ ಮೊದಲ ಏಟಿಗೇ ಚೂರು. ಹಳೆಯ ಹತ್ಯಾರುಗಳ ಮೇಲೆ ಆ ಪದಕ್ಕೆ ಮೂಸೆಯಲ್ಲಿ ಕರಗಿಸಿದ ಉಕ್ಕು ಎಂದರ್ಥ. 1740ರ ದಶಕದಲ್ಲಿ ಇಂಗ್ಲೆಂಡಿನ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಸ್ಪ್ರಿಂಗಿಗೆ ಬೇಕಾದ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕನ್ನು ಪೂರ್ತಿ ಕರಗಿಸುವ ವಿಧಾನ ಕಂಡುಹಿಡಿದ. ಶೆಫೀಲ್ಡಿನ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಅದರಿಂದ.

ಪಠ್ಯಪುಸ್ತಕ ಇಲ್ಲಿಗೆ ನಿಂತೀತು. ಆದರೆ ಶ್ರೀನಗರದಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಿಂತಿರುಗಬಹುದಾದ ದೂರದಲ್ಲಿ ಮಾಗಡಿಯಿದೆ. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಾಗಡಿ ಕಡೆ ಹಳ್ಳಿಯ ಜನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವರು ಹಂಟ್ಸ್‌ಮನ್ನನಿಂದ ಕಲಿತವರಲ್ಲ. ದಕ್ಷಿಣ ಭಾರತದಲ್ಲಿ ಆ ವಿದ್ಯೆ ಅವನಿಗಿಂತ ಎಷ್ಟೋ ಶತಮಾನ ಹಳೆಯದು. ಮೆದು ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಎಲೆ ಹಾಕಿ ಮೂಸೆಯ ಬಾಯಿ ಮುಚ್ಚಿ ತಿದಿ ಒತ್ತುವುದು. ಕಡ್ಡಿ ಸುಟ್ಟು ಇದ್ದಿಲಾಗಿ ಅದರ ಇಂಗಾಲ ಕಬ್ಬಿಣದೊಳಕ್ಕೆ ಸೇರಿದರೆ ಉಕ್ಕು. ಆ ಉಕ್ಕನ್ನು ಯುರೋಪಿನವರು ‘ವುಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಶಬ್ದವೇ ಬಾಯಿ ತಪ್ಪಿ ಆದದ್ದು ಎಂದು ಬಲ್ಲವರು ಹೇಳುತ್ತಾರೆ. 1820ರ ಸುಮಾರಿಗೆ ಲಂಡನ್ನಿನಲ್ಲಿ ಒಬ್ಬ ಯುವಕ ಈ ವುಟ್ಸ್ ಉಕ್ಕನ್ನು ಪರೀಕ್ಷಿಸಿ, ಅಂಥದ್ದನ್ನು ಮಾಡಲು ಹೆಣಗಿದ. ಕಮ್ಮಾರನ ಮಗ, ಹೆಸರು ಮೈಕೆಲ್ ಫ್ಯಾರಡೆ. ವಿದ್ಯುತ್ಕಾಂತ ಪ್ರೇರಣೆಯ ಪಾಠದಲ್ಲಿ ಅವನ ಹೆಸರು ಓದಿದ ಮಕ್ಕಳಿಗೆ ಈ ಸಂಗತಿ ಹೇಳಿ, ಉಳಿಯನ್ನು ಕೈಗೆ ಕೊಟ್ಟು ನೋಡಿ. ಬೆಂಚಿನಿಂದ ಬೆಂಚಿಗೆ ಆ ಉಳಿ ಹೇಗೆ ಮೌನವಾಗಿ ಸಾಗುತ್ತದೆ ಎಂದು ನಾನು ಕಂಡಿದ್ದೇನೆ.

ಇನ್ನೊಂದು ಒಗಟು ಸ್ಪ್ಯಾನರಿನದು. ಹಳೆಯ ಸ್ಪ್ಯಾನರಿನ ಮೇಲೆ 1/2 ಎಂದೂ ಪಕ್ಕದಲ್ಲಿ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರವೂ ಇರುತ್ತದೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಬಾಯನ್ನು ಅಳೆದು ನೋಡಿದರೆ 23 ಮಿಲಿಮೀಟರಿಗೂ ಸ್ವಲ್ಪ ಹೆಚ್ಚೇ! ಮುದ್ರಣದೋಷವೆ? ಅಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ ತಿರುಪಿನ ಮರೆಗಳಿಗೆಲ್ಲ ಒಂದೇ ಅಳತೆ, 55 ಡಿಗ್ರಿ ಕೋನ ಇರಲಿ ಎಂದು ಸೂಚಿಸಿದ. ಅದಕ್ಕೆ ಮುಂಚೆ ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಕೂರುತ್ತಿರಲಿಲ್ಲ. ಅವನ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆಯುವುದು ಬೋಲ್ಟಿನ ಕಡ್ಡಿಯ ದಪ್ಪವನ್ನು, ಸ್ಪ್ಯಾನರಿನ ಬಾಯಿಯ ಅಗಲವನ್ನಲ್ಲ. ಇಂದಿನ ಮಿಲಿಮೀಟರ್ ಸ್ಪ್ಯಾನರಿನ ಮೇಲೆ ಬರೆಯುವುದು ಬಾಯಿಯ ಅಗಲವನ್ನು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಯಾರೂ ಹೇಳದೆ ತಾನೇ ಅಳೆದು ಊಹಿಸಿದಳು. ಆ ದಿನ ನನಗಾದ ಸಂತೋಷ ಫಲಿತಾಂಶದ ದಿನವೂ ಆಗಿಲ್ಲ.

ಇಂಚಿನ ಮೈಕ್ರೋಮೀಟರು ಸಿಕ್ಕರಂತೂ ಬಿಡಬೇಡಿ. ಇದು ಶಾಲೆಯ ಸ್ಕ್ರೂಗೇಜಿನ ಅಣ್ಣ. ನಮ್ಮ ಸ್ಕ್ರೂಗೇಜು ಒಂದು ಸುತ್ತಿಗೆ ಅರ್ಧ ಅಥವಾ ಒಂದು ಮಿಲಿಮೀಟರು ಮುಂದೆ ಹೋಗುತ್ತದೆ. ಅದರಲ್ಲಿ ಇಂಚಿಗೆ 40 ಮರೆ, ತಿರುಗುವ ಡಬ್ಬಿಯ ಮೇಲೆ 25 ಗೆರೆ. ಗುಣಿಸಿ ನೋಡಿ, ಒಂದು ಗೆರೆಗೆ ಇಂಚಿನ ಸಾವಿರದಲ್ಲೊಂದು ಭಾಗ. ಹಳೆಯ ಟರ್ನರುಗಳು ‘ಎರಡು ಥೌ ತೆಗಿ’ ಎನ್ನುತ್ತಿದ್ದುದು ಇದನ್ನೇ. 1956ರ ಕಾಯಿದೆಯಿಂದ ದೇಶ ಮೆಟ್ರಿಕ್ಕಿಗೆ ತಿರುಗಿತು. ಮಾರುಕಟ್ಟೆಯ ಸೇರು, ಮಣ ಹೋದವು. ಆದರೂ ನಿವೇಶನ ಮಾತ್ರ ಇಂದಿಗೂ ಮೂವತ್ತು ನಲವತ್ತು ಅಡಿಯೇ! ಬಾಕ್ಸ್‌ವುಡ್ಡಿನ, ಹಿತ್ತಾಳೆ ಕೀಲಿನ, ಬರ್ಮಿಂಗ್‌ಹ್ಯಾಮಿನ ರೇಬೋನ್ ಕಂಪನಿಯ ಮಡಿಸುವ ಅಡಿಕೋಲು ಕೆಲವು ಪೆಟ್ಟಿಗೆಗಳ ತಳದಲ್ಲಿ ಸಿಗುತ್ತದೆ. ಕೀಲು ಸಡಿಲವಾಗದೆ ಇದ್ದರೆ ಇವತ್ತಿಗೂ ನಂಬಬಹುದು.

ಮೇಲ್ಮುಖದ ಬಾಣ, ನಮ್ಮ ಕೋಳಿಹೆಜ್ಜೆಯಂಥ ಗುರುತು ಕಂಡರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿಯಾಗಿದ್ದದ್ದು, ಹೆಚ್ಚಾಗಿ ಸೇನೆಯದು. ಅಮೆರಿಕದ ಹೆಸರುಳ್ಳ ಹತ್ಯಾರುಗಳೂ ಬೆಂಗಳೂರಿನಲ್ಲಿ ಆಗಾಗ ಸಿಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ನಮ್ಮ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕಂಪನಿಯ ಹೆಸರಿನ ಬಗ್ಗೆ ಒಂದು ಮಾತು. ಅಮೆರಿಕದ ಸ್ಟ್ಯಾನ್ಲಿ, ಶೆಫೀಲ್ಡಿನ ರೆಕಾರ್ಡ್ ಎಂದರೆ ಬಾಯಿ ಬಿಡುವವರು ನಮ್ಮವರನ್ನು ಮರೆಯುತ್ತಾರೆ. ಲೆನಾರ್ಡ್ ಬೇಲಿ ಎಂಬಾತನ ಪೇಟೆಂಟುಗಳನ್ನು ಸ್ಟ್ಯಾನ್ಲಿಯವರು 1869ರಲ್ಲಿ ಕೊಂಡು ಮಾಡಿದ ಕಬ್ಬಿಣದ ತೋಪಡ ನಿಜಕ್ಕೂ ಚಂದ. ಹಿಂಬದಿಯ ಹಿತ್ತಾಳೆ ತಿರುಪು ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಇಳಿಯುತ್ತದೆ. ಆದರೆ ನಾಸಿಕದ ತಾಪಡಿಯಾದವರು ಸ್ವೀಡನ್ನಿನವರ ಸಹಯೋಗದಲ್ಲಿ 1969ರಿಂದ ಮಾಡುತ್ತ ಬಂದ ಇಕ್ಕುಳ, ಸ್ಪ್ಯಾನರುಗಳೂ ಕಡಿಮೆಯವಲ್ಲ. ಅರ್ಧ ಶತಮಾನ ದುಡಿದು ಇನ್ನೂ ಬಾಯಿ ಸವೆಯದವು ಇವೆ. ವಿದೇಶಿ ಹೆಸರಿಗೆ ಹೆಚ್ಚು ಬೆಲೆ ಕೊಡುವುದು ಸಂಗ್ರಹಕಾರರ ಜಾಡ್ಯ. ನನಗೆ ಅದು ಅಷ್ಟಾಗಿ ತಗುಲಿಲ್ಲ, ಕಾರಣ ಜೇಬು.

ಹೆಸರು ಎಂದಾಗ ಇನ್ನೊಂದು ಸಂಗತಿ. ಈ ಬಡಾವಣೆಯಲ್ಲಿ ಇಂದು ಮನೆ ಕಟ್ಟುವ ಬಡಗಿಗಳಲ್ಲಿ ಬಹುಪಾಲು ಉತ್ತರದ ಕಡೆಯವರು. ಒಳ್ಳೆಯ ಕೆಲಸಗಾರರು. ಅವರ ಬಾಯಲ್ಲಿ ತೋಪಡ ‘ರಂದಾ’, ಉಳಿ ‘ಛೇನಿ’. ನಮ್ಮ ಹುಡುಗರಿಗೆ ಇಂಗ್ಲಿಷಿನ ‘ಪ್ಲೇನು’ ಗೊತ್ತು, ಕೆಲವರಿಗೆ ರಂದಾ ಗೊತ್ತು. ಕೀಸುಳಿ, ತೋಪಡ ಗೊತ್ತಿಲ್ಲ. ಬಾಚಿ ಎಂದರೆ ತಲೆ ಬಾಚುವುದು ಎಂದುಕೊಳ್ಳುತ್ತಾರೆ. ಮರದ ಹಿಡಿಗೆ ಅಡ್ಡವಾಗಿ ಅಲಗು ಕೂರಿಸಿದ, ತೊಲೆ ಕೆತ್ತುವ ಸಾಧನ ಅದು. ಬೈರಿಗೆಯಲ್ಲಿ ಬಿಲ್ಲಿನ ಹಗ್ಗವನ್ನು ಕದಿರಿಗೆ ಸುತ್ತಿ ಹಿಂದೆ ಮುಂದೆ ಎಳೆದರೆ ಮೊನೆ ಗಿರ್ರನೆ ತಿರುಗಿ ಮರ ಕೊರೆಯುತ್ತದೆ. ನೇರ ಚಲನೆ ವೃತ್ತ ಚಲನೆಯಾಗುವುದಕ್ಕೆ ಇದಕ್ಕಿಂತ ಸರಳ ಮಾದರಿ ಬೇಕೆ? ರಸಮಟ್ಟ, ಮೂಲೆಮಟ್ಟ, ತೂಗುಗುಂಡು, ಚಾಣ, ಅಡಿಗಲ್ಲು, ತಿದಿ... ಪ್ರತಿಯೊಂದು ಶಬ್ದದೊಳಗೂ ಒಂದು ಕೆಲಸ ಅಡಗಿದೆ. ವಸ್ತುವನ್ನು ಕರಗಿಸಿದರೆ ಶಬ್ದವೂ ಕರಗುತ್ತದೆ. ಅದನ್ನು ಮತ್ತೆ ಎರಕ ಹೊಯ್ಯಲು ಬರುವುದಿಲ್ಲ.

ಗಾಡಿಗೆ ಏರಿದ ಮೇಲೂ ಪೆಟ್ಟಿಗೆಯ ಬೆನ್ನು ಹತ್ತಬಹುದು. ಬಡಾವಣೆಯ ಗುಜರಿ ಅಂಗಡಿಯಲ್ಲಿ ಅದು ಒಂದೆರಡು ದಿನ ಇರುತ್ತದೆ. ಅಲ್ಲಿಂದ ಲಾರಿ ಹತ್ತಿದರೆ ಪೇಟೆಯ ಜಾಲಿ ಮೊಹಲ್ಲಾದಂಥ ಹಳೆ ಕಬ್ಬಿಣದ ಸಂದಿಗಳಿಗೆ. ಅಲ್ಲಿ ಸಿಕ್ಕಿದರೆ ನಿಮ್ಮ ಪುಣ್ಯ. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನಡೆಯುವ ಸಂಡೆ ಬಜಾರಿನಲ್ಲಿ ಗೋಣಿತಾಟಿನ ಮೇಲೆ ಹಳೆಯ ಸ್ಪ್ಯಾನರು, ಅರ, ಗರಗಸ ಹರಡಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕೈ ಮಾತ್ರ ಬಿಡಬೇಡಿ. ಮತ್ತೊಂದು ಎಚ್ಚರಿಕೆ: ಹೊಚ್ಚ ಹೊಸದರ ಹಾಗಿರುವುದು ನಂಬಲಾಗದ ಅಗ್ಗಕ್ಕೆ ಸಿಕ್ಕರೆ ಅದು ಯಾರೋ ಮೆಕ್ಯಾನಿಕ್ಕಿನ ಚೀಲದಿಂದ ಹೋದದ್ದಿರಬಹುದು. ಅದನ್ನು ಕೊಂಡು ಮನೆಗೆ ತಂದು ಮಗನಿಗೆ ವಿಜ್ಞಾನ ಕಲಿಸುವ ಅಗತ್ಯವಿಲ್ಲ.

ಕೊಳ್ಳುವಾಗ ಏನು ನೋಡಬೇಕು? ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಎರಕದ ಕಬ್ಬಿಣದ ತೋಪಡವನ್ನು ಬೆರಳಿಂದ ತೂಗುಹಾಕಿ ಉಗುರಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಮಂಕಾಗಿ ನುಡಿದರೆ ಎಲ್ಲೋ ಸೀಳು. ತುಕ್ಕು ಮೇಲುಮೇಲಿನದೋ ಗುಳಿ ಬಿದ್ದದ್ದೋ ನೋಡಿ. ಅಲಗಿನ ತುದಿಯಲ್ಲೇ ಗುಳಿ ಇದ್ದರೆ ಬಿಟ್ಟುಬಿಡಿ. ಮೂಲೆಮಟ್ಟವನ್ನು ಪರೀಕ್ಷಿಸುವ ಉಪಾಯವನ್ನು ನನಗೆ ಹೇಳಿಕೊಟ್ಟವರು ನಿವೃತ್ತ ಟೂಲ್‌ರೂಂ ಕೆಲಸಗಾರರೊಬ್ಬರು. ನೇರ ಅಂಚಿನ ಹಲಗೆಗೆ ಮಟ್ಟವನ್ನು ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ 90 ಡಿಗ್ರಿ. ಕವಲೊಡೆದರೆ ಮಟ್ಟದ ದೋಷ ಆ ಕವಲಿನ ಅರ್ಧ. ಬೇರೆ ಯಾವ ಉಪಕರಣದ ಸಾಕ್ಷಿಯೂ ಬೇಡ, ದೋಷ ತನ್ನನ್ನು ತಾನೇ ಇಮ್ಮಡಿಸಿ ತೋರಿಸುತ್ತದೆ. ರಸಮಟ್ಟಕ್ಕೂ ಇದೇ ನ್ಯಾಯ. ತುದಿ ಅದಲುಬದಲು ಮಾಡಿ ಇಟ್ಟಾಗ ಗುಳ್ಳೆ ಅದೇ ಜಾಗದಲ್ಲಿ ನಿಲ್ಲಬೇಕು.

ತುಕ್ಕು ಬಿಡಿಸಲು ಅಂಗಡಿಯ ಔಷಧಿ ಬೇಡ. ಚಿಕ್ಕಪುಟ್ಟದ್ದನ್ನು ವಿನಿಗರಿನಲ್ಲಿ ಒಂದು ರಾತ್ರಿ ನೆನೆಹಾಕಿ, ತಿಕ್ಕಿ ತೊಳೆದು, ಸೋಡಾಪುಡಿಯ ನೀರಲ್ಲಿ ಅದ್ದಿ ಒಣಗಿಸಿದರೆ ಸಾಕು. ದೊಡ್ಡದಕ್ಕೆ ವಿದ್ಯುದ್ವಿಭಜನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಬೆರೆಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರು. ಹತ್ಯಾರು ಋಣಧ್ರುವಕ್ಕೆ, ಬೇಡವಾದ ಕಬ್ಬಿಣದ ತಗಡು ಧನಧ್ರುವಕ್ಕೆ. ಗುಳ್ಳೆ ಏಳುತ್ತ ತುಕ್ಕು ಸಡಿಲವಾಗುತ್ತದೆ, ಕಬ್ಬಿಣ ಸವೆಯುವುದಿಲ್ಲ. ಎರಡು ವಿಷಯ ಮರೆಯಬಾರದು. ಏಳುವ ಗುಳ್ಳೆಯಲ್ಲಿ ಜಲಜನಕವಿದೆ, ಆದ್ದರಿಂದ ಬಯಲಲ್ಲಿ, ಬೆಂಕಿಯಿಂದ ದೂರ, ದೊಡ್ಡವರ ಎದುರಿಗೇ ಮಾಡಬೇಕು. ಧನಧ್ರುವಕ್ಕೆ ಸ್ಟೀಲ್ ಚಮಚ ಕಟ್ಟಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹಿಡಿಗೆ ಅಗಸೆ ಎಣ್ಣೆ ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ, ಹರಡಿ ಒಣಗಿಸಿ. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಬಿಸಿಯಾಗಿ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಂಡದ್ದುಂಟು. ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ಪೂಜೆಯ ದೀಪದಂತೆ ಬೆಳಗುವ ಆಸೆಯನ್ನು ತಡೆದುಕೊಳ್ಳಿ. ಹೆಬ್ಬೆರಳು ನಲವತ್ತು ವರ್ಷ ಒತ್ತಿ ಮಾಡಿದ ಹೊಳಪು ಅಲ್ಲಿ ಆಗಲೇ ಇದೆ.

ಬೆಲೆಯ ವಿಚಾರ ಇಷ್ಟು ಸುಲಭವಲ್ಲ. ಒಳ್ಳೆಯ ತೋಪಡ ಒಂದೂ ಮುಕ್ಕಾಲು ಕಿಲೋ ತೂಗೀತು. ಕಬ್ಬಿಣದ ದರದಲ್ಲಿ ಲೆಕ್ಕ ಹಾಕಿದರೆ ಎರಡು ಮಸಾಲೆ ದೋಸೆಯ ಹಣವೂ ಅಲ್ಲ; ಗೊತ್ತಿದ್ದವರು ಅದಕ್ಕೆ ಸಾವಿರಗಳಲ್ಲಿ ಕೊಡುತ್ತಾರೆ. ಗುಜರಿ ಅಂಗಡಿಯಲ್ಲಿ ಚೌಕಾಶಿ ಮಾಡುವುದು ವ್ಯಾಪಾರ. ಆದರೆ ಸಾವಿನ ಮನೆಯ ಗೇಟಿನಲ್ಲಿ ನಿಂತು, ಏನೂ ಅರಿಯದವರ ಹತ್ತಿರ ಅದೇ ದರಕ್ಕೆ ಎತ್ತಿಕೊಂಡು ಬಂದು ‘ಬೇಟೆ ಸಿಕ್ಕಿತು’ ಎಂದು ಹೇಳಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನನಗೆ ಅದು ಬೇಟೆ ಅನ್ನಿಸುವುದಿಲ್ಲ. ವಸ್ತು ಏನು, ಎಲ್ಲಿಯದು, ಪೇಟೆಯಲ್ಲಿ ಎಷ್ಟಕ್ಕೆ ಹೋದೀತು ಎಂದು ಮೊದಲು ಹೇಳುತ್ತೇನೆ. ಹೇಳಿದ ಮೇಲೆ ಹಲವರು ಮಾರುವುದೇ ಇಲ್ಲ! ಒರೆಸಿ ಷೋಕೇಸಿನಲ್ಲಿ ಇಡುತ್ತಾರೆ. ಹಾಗೆ ಕೈತಪ್ಪಿದವು ನನ್ನ ಸಂಗ್ರಹದಲ್ಲಿರುವುದಕ್ಕಿಂತ ಹೆಚ್ಚೇ ಇವೆ, ಮತ್ತು ಅವುಗಳ ಲೆಕ್ಕವನ್ನೂ ನಾನು ಲಾಭದ ಕಡೆಯೇ ಬರೆದುಕೊಂಡಿದ್ದೇನೆ.

ಒಬ್ಬ ತಾಯಿಯ ನೆನಪಾಗುತ್ತದೆ. ಯಜಮಾನರು ಮೂವತ್ತು ವರ್ಷ ಫಿಟ್ಟರಾಗಿದ್ದವರು. ತೀರಿಕೊಂಡು ಆರು ತಿಂಗಳಾಗಿತ್ತು. ಮನೆ ಬಿಲ್ಡರಿಗೆ ಕೊಡುವುದೆಂದು ಮಕ್ಕಳು ನಿಶ್ಚಯಿಸಿದ್ದರು. ಪೆಟ್ಟಿಗೆಯ ಒಂದೊಂದೇ ಸಾಮಾನನ್ನು ಹೊರಗಿಟ್ಟು ನಾನು ಹೆಸರು ಹೇಳುತ್ತ ಹೋದೆ. ಆಕೆ ‘ಊಂ, ತಗೊಳ್ಳಿ’ ಎನ್ನುತ್ತಿದ್ದರು. ಹೆಸರಿಲ್ಲದ ಪುಟ್ಟ ಸುತ್ತಿಗೆ ಹೊರಬಂದಾಗ ಮಾತ್ರ ಕೈ ಮುಂದೆ ಚಾಚಿದರು. ‘ಇದು ಬೇಡಿ. ಇದರಲ್ಲಿ ನಾನು ಕೊಬ್ಬರಿ ಒಡೀತೀನಿ’ ಎಂದರು. ಹಿಡಿಯ ಬುಡದಲ್ಲಿ ಗುದ್ದಿದ ಎರಡು ಅಕ್ಷರ ಯಾರದ್ದೆಂದು ನಾನು ಕೇಳಲಿಲ್ಲ. ಸುತ್ತಿಗೆ ಅಡುಗೆಮನೆಗೆ ಹೋಯಿತು.

ಸಂಗ್ರಹ ನೋಡಬೇಕೆನ್ನುವವರು ನನ್ನ ಮನೆಗಿಂತ ಮೊದಲು ಹೋಗಬೇಕಾದ ಜಾಗಗಳಿವೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕದಲ್ಲಿ ಹಳ್ಳಿಯ ಕಸುಬುಗಳ ಸಾಧನಗಳನ್ನು ಸಾಲಾಗಿ ಇಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಇಡೀ ದಿನ ಕಳೆಯಬಹುದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1962ರಿಂದ ಇರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಂತೂ ಶಾಲೆಯ ಮಕ್ಕಳಿಗೆ ಗೊತ್ತೇ ಇದೆ. ಆದರೆ ನಮ್ಮ ಬೀದಿಯ ಫಿಟ್ಟರಿನ ಪೆಟ್ಟಿಗೆ ಇಂಥ ಕಡೆಗಳಿಗೆ ಹೋಗುವುದು ಅಪರೂಪ. ಅದು ಅಷ್ಟು ಹಳೆಯದೂ ಅಲ್ಲ, ಅಷ್ಟು ದೊಡ್ಡದೂ ಅಲ್ಲ.

ಕಳೆದ ದಸರಾ ರಜೆಯಲ್ಲಿ ಎಂಟನೆಯ ತರಗತಿಯ ನಾಲ್ಕು ಮಕ್ಕಳಿಗೆ ಒಂದೊಂದು ನೋಟ್‌ಬುಕ್ ಕೊಟ್ಟೆ. ಆಯುಧಪೂಜೆಯ ದಿನ ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ ಒಂದು ಪೆಟ್ಟಿಗೆಯನ್ನು ಆರಿಸಿ, ಪ್ರತಿ ಹತ್ಯಾರಿನ ಚಿತ್ರ, ಅಳತೆ, ಮೇಲಿನ ಗುರುತು, ಅದನ್ನು ಕನ್ನಡದಲ್ಲಿ ಏನೆನ್ನುತ್ತಾರೆ, ಯಾವಾಗ ಎಲ್ಲಿ ಕೊಂಡರು, ಅದರಿಂದ ಮಾಡಿದ ಯಾವ ಕೆಲಸ ನೆನಪಿದೆ ಎಂಬುದನ್ನು ಕೇಳಿ ಬರೆಯಬೇಕು. ವಸ್ತುವನ್ನು ತರುವ ಹಾಗಿಲ್ಲ, ಬರೀ ಬರೆದು ತರಬೇಕು. ಮೂವರು ಎರಡು ಪುಟ ಬರೆದರು. ನಾಲ್ಕನೆಯವನು ಬಸ್ ನಿಲ್ದಾಣದ ಹಿಂದಿನ ಬೀದಿಯವನು. ಅವನ ತಾತನಿಗೆ ಕಣ್ಣು ಮಂಜು. ಹುಡುಗ ಒಂದೊಂದನ್ನೇ ತಾತನ ಅಂಗೈಗೆ ಇಡುತ್ತಾನೆ, ತಾತ ಹೆಬ್ಬೆರಳಿನಿಂದ ತಡವಿ ಹೆಸರು, ಅಳತೆ, ಕೊಂಡ ವರ್ಷ ಹೇಳುತ್ತಾರೆ. ಆಮೇಲೆ ಇವನು ಅಳೆದು ತಾಳೆ ನೋಡುತ್ತಾನೆ. ಮೂವತ್ತೊಂದು ಹತ್ಯಾರು ಆಗಿವೆ, ಅಳತೆ ಎರಡರಲ್ಲಿ ಮಾತ್ರ ತಪ್ಪಿದೆಯಂತೆ. ಪೆಟ್ಟಿಗೆಯ ತಳದ ಅರಗಳ ಕಟ್ಟು ಇನ್ನೂ ಬಾಕಿ ಇದೆ. ನೋಟ್‌ಬುಕ್ ಮುಗಿದಿದೆ, ಇನ್ನೊಂದು ಬೇಕು ಎಂದು ಮೊನ್ನೆ ಬಂದಿದ್ದ.